ಪಾಚಿ ಬೆಳವಣಿಗೆ ತಡೆ ಪರೀಕ್ಷೆ: ಒಂದೇ ಪ್ರಯೋಗಕ್ಕೆ ಎರಡು ಉತ್ತರ ಬಂದಿದೆ, ಯಾವುದನ್ನು ನಂಬಬೇಕು?

ಪ್ರಶ್ನೆ: ಪವನಾತೀರ (ಚಿಂಚವಡ, ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವಳು. ಪುಣೆಗೆ ಬಂದು ಹನ್ನೊಂದು ವರ್ಷಗಳಾದವು. ಇಲ್ಲಿನ ಒಂದು ಚಿಕ್ಕ ರಾಸಾಯನಿಕ ಕಾರ್ಖಾನೆಯ ಗುಣಮಟ್ಟ ಪ್ರಯೋಗಾಲಯದ ಹೊಣೆ ನನ್ನ ಮೇಲಿದೆ. ಕೂಲಿಂಗ್ ಟವರುಗಳ ಕೊಳವೆಗಳಲ್ಲಿ ಸುಣ್ಣ ಹೆಪ್ಪುಗಟ್ಟದಂತೆ ತಡೆಯುವ ಎಚ್‌ಇಡಿಪಿ ಎಂಬ ಫಾಸ್ಫೊನೇಟನ್ನು, ಅಂದರೆ ರಂಜಕವಿರುವ ಒಂದು ರಾಸಾಯನಿಕವನ್ನು, ನಾವು ತಯಾರಿಸುತ್ತೇವೆ. ಯುರೋಪಿನ ಗ್ರಾಹಕರೊಬ್ಬರು ಈ ವಸ್ತುವಿನಿಂದ ಸಿಹಿನೀರಿನ ಪಾಚಿಗೆ ಹಾನಿಯಾಗುತ್ತದೆಯೇ ಎಂಬ ವಿವರ ಕೇಳಿದ್ದಾರೆ. ರಾಸಾಯನಿಕಗಳನ್ನು ನಿಯಂತ್ರಿಸುವ ಅಲ್ಲಿನ ರೀಚ್ ಕಾನೂನಿನಲ್ಲಿ ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣದ ವಸ್ತುಗಳಿಗೆ ಈ ಮಾಹಿತಿ ಬೇಕಾಗುತ್ತದೆ. ಅಂತಿಮ ಪರೀಕ್ಷೆಯನ್ನು ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆಯಿರುವ ಪ್ರಯೋಗಾಲಯದಲ್ಲಿಯೇ ಮಾಡಿಸಬೇಕು ಎಂಬುದು ನನಗೆ ಗೊತ್ತಿದೆ. ಆದರೆ ಅಷ್ಟು ಹಣ ಖರ್ಚು ಮಾಡುವ ಮೊದಲು ನಾವೇ ಒಮ್ಮೆ ಮಾಡಿ ನೋಡೋಣ ಎಂದು ಮಾಲೀಕರು ಹೇಳಿದ್ದರಿಂದ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆ ಪಾಚಿ ಪರೀಕ್ಷೆಗೆಂದು ಕೊಟ್ಟಿರುವ 201ನೆಯ ಮಾರ್ಗಸೂಚಿಯನ್ನು ಮುಂದಿಟ್ಟುಕೊಂಡು ಪರೀಕ್ಷೆ ನಡೆಸಿದೆ.

ಬಳಸಿದ್ದು ರಾಫಿಡೊಸೆಲಿಸ್ ಸಬ್‌ಕ್ಯಾಪಿಟಾಟ ಎಂಬ ಹಸಿರು ಪಾಚಿ. ಮಿಲಿಲೀಟರಿಗೆ 10,000 ಕೋಶಗಳಿಂದ ಆರಂಭಿಸಿ, 72 ಗಂಟೆ, 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿರಂತರ ಬೆಳಕಿನಲ್ಲಿ ಬೆಳೆಸಿದೆ. ಲೀಟರಿಗೆ 1, 3.2, 10, 32, 100 ಮಿಲಿಗ್ರಾಂ ಎಂಬ ಐದು ಹಂತಗಳು, ಹಂತಕ್ಕೆ ಮೂರು ಫ್ಲಾಸ್ಕ್, ರಾಸಾಯನಿಕವಿಲ್ಲದ ಕಂಟ್ರೋಲ್ ಆರು. ನಮ್ಮ ಮಾಲು ಶೇಕಡಾ 60ರ ದ್ರಾವಣ; ಮೇಲಿನ ಅಂಕಿಗಳು ಶುದ್ಧ ಆಮ್ಲದ ಲೆಕ್ಕದವು. ಅದು ಬಹಳ ಹುಳಿಯಾದ್ದರಿಂದ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಪಿಎಚ್ ಸರಿಪಡಿಸಿಯೇ ಬಳಸಿದ್ದೇನೆ.

ಮೂರನೆಯ ದಿನ ಕಂಟ್ರೋಲ್ ಸರಾಸರಿ 8 ಲಕ್ಷ ಕೋಶಗಳಿಗೆ ಮುಟ್ಟಿತು. 10ರ ಹಂತದಲ್ಲಿ 4 ಲಕ್ಷ, 32ರಲ್ಲಿ 1 ಲಕ್ಷ, 100ರಲ್ಲಿ ಕೇವಲ 20,000. ಕೊನೆಯ ಕೋಶಸಂಖ್ಯೆಯನ್ನೇ ಹಿಡಿದು ಲೆಕ್ಕ ಹಾಕಿದರೆ ಅರ್ಧದಷ್ಟು ತಡೆ 10 ಮಿಲಿಗ್ರಾಮಿಗೇ ಕಾಣುತ್ತದೆ. ಬೆಳವಣಿಗೆಯ ದರವನ್ನು ಹಿಡಿದರೆ ಅದು ಸುಮಾರು 35ಕ್ಕೆ ಹೋಗುತ್ತದೆ. ಒಂದೇ ಫ್ಲಾಸ್ಕುಗಳಿಂದ ಇಷ್ಟು ದೂರದ ಎರಡು ಉತ್ತರಗಳು ಹೇಗೆ ಬರಲು ಸಾಧ್ಯ, ಮತ್ತು ಯಾವುದು ಸರಿ?

ಇನ್ನೆರಡು ಸಂಗತಿಗಳು ನನ್ನನ್ನು ಕಾಡುತ್ತಿವೆ. 1 ಮಿಲಿಗ್ರಾಮಿನ ಫ್ಲಾಸ್ಕುಗಳಲ್ಲಿ ಪಾಚಿ ಕಂಟ್ರೋಲಿಗಿಂತಲೂ ತುಸು ಹೆಚ್ಚೇ ಬೆಳೆದಿತ್ತು. 100ರ ಫ್ಲಾಸ್ಕಿನಲ್ಲಿ ಕೋಶಗಳು ಬಣ್ಣಗೆಟ್ಟು ಹಳದಿಯಾಗಿದ್ದವೇ ಹೊರತು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೂ ಒಡೆದಿರಲಿಲ್ಲ; ಅರ್ಧಚಂದ್ರದ ಆಕಾರ ಹಾಗೆಯೇ ಉಳಿದಿತ್ತು. ವಿಷ ತಗುಲಿದ ಪಾಚಿ ಹೀಗಿರುತ್ತದೆಯೇ?

ಉತ್ತರ: ಡೊಂಬಿವಲಿಯಿಂದ

ಮೇಡಂ, ನಿಮ್ಮ ಎರಡೂ ಲೆಕ್ಕಗಳು ಗಣಿತದ ದೃಷ್ಟಿಯಿಂದ ಸರಿಯಾಗಿಯೇ ಇವೆ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ ಅಷ್ಟೇ. ನಾನು ಈ ಕೆಲಸದಲ್ಲಿ ಬಹಳ ವರ್ಷ ಕಳೆದವನು. ಹೊಸದಾಗಿ ಬಂದ ಹುಡುಗರಿಗೆ ಇದನ್ನು ಚಕ್ರಬಡ್ಡಿಯ ಉದಾಹರಣೆಯಿಂದ ಹೇಳಿಕೊಡುತ್ತಿದ್ದೆ.

ಪಾಚಿ ಬೆಳೆಯುವುದು ಚಕ್ರಬಡ್ಡಿಯ ಹಾಗೆ. ಬಡ್ಡಿದರ ಸ್ವಲ್ಪವೇ ಇಳಿದರೂ ಕೊನೆಗೆ ಕೈಗೆ ಬರುವ ಮೊತ್ತ ಬಹಳ ಇಳಿಯುತ್ತದೆ, ಅವಧಿ ಹೆಚ್ಚಿದಷ್ಟೂ ಆ ಅಂತರ ಹಿಗ್ಗುತ್ತದೆ. ನಿಮ್ಮ ಕಂಟ್ರೋಲ್ 10,000ದಿಂದ 8 ಲಕ್ಷಕ್ಕೆ, ಅಂದರೆ 80 ಪಟ್ಟು ಬೆಳೆದಿದೆ. 80ರ ಸ್ವಾಭಾವಿಕ ಲಾಗರಿದಮ್ 4.38, ಮೂರು ದಿನಕ್ಕೆ ಭಾಗಿಸಿದರೆ ದಿನಕ್ಕೆ 1.46. 32ರ ಹಂತದಲ್ಲಿ ಪಾಚಿ 10 ಪಟ್ಟು ಬೆಳೆದಿದೆ, ದರ 0.77. ದರದಲ್ಲಿ ಆದ ಇಳಿಕೆ ಶೇಕಡಾ 47. ಆದರೆ ಆರಂಭದ ಕೋಶಗಳನ್ನು ಕಳೆದು ಇಳುವರಿಯನ್ನು ಹೋಲಿಸಿದರೆ 7 ಲಕ್ಷ 90 ಸಾವಿರದ ಎದುರು ಕೇವಲ 90 ಸಾವಿರ ನಿಲ್ಲುತ್ತದೆ. ಇಳಿಕೆ ಶೇಕಡಾ 89. ರಾಸಾಯನಿಕವೂ ಅದೇ, ಪಾಚಿಯೂ ಅದೇ, ನೋಡುವ ಅಳತೆಗೋಲು ಮಾತ್ರ ಬೇರೆ.

ಇಳುವರಿಯ ಅಂಕಿಯಲ್ಲಿ ನನಗೆ ಕಾಣುವ ದೊಡ್ಡ ತೊಂದರೆಯೆಂದರೆ, ಅದು ರಾಸಾಯನಿಕದ ಗುಣವನ್ನಷ್ಟೇ ಅಲ್ಲದೆ ನಿಮ್ಮ ಪ್ರಯೋಗಾಲಯದ ಗುಣವನ್ನೂ ಹೊತ್ತು ತರುತ್ತದೆ. ನಿಮ್ಮ ದೀಪ ಸ್ವಲ್ಪ ಮಂದವಾಗಿದ್ದು ಕಂಟ್ರೋಲ್ 80 ಪಟ್ಟಿನ ಬದಲು 30 ಪಟ್ಟು ಮಾತ್ರ ಬೆಳೆದಿತ್ತು ಎಂದುಕೊಳ್ಳಿ. 10ರ ಹಂತದಲ್ಲಿ ದರದ ಇಳಿಕೆ ಈಗಿರುವ ಶೇಕಡಾ 16ರಷ್ಟೇ ಉಳಿದರೂ ಇಳುವರಿಯ ಇಳಿಕೆ ಶೇಕಡಾ 51ರಿಂದ 43ಕ್ಕೆ ಬರುತ್ತದೆ. ದೀಪ ಬದಲಾದರೆ ಬದಲಾಗುವ ಅಂಕಿಯಿಂದ ಒಂದು ವಸ್ತುವಿನ ಹಾನಿಯನ್ನು ತೀರ್ಮಾನಿಸುವುದು ನ್ಯಾಯವಲ್ಲ. ಆದ್ದರಿಂದಲೇ 2006ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಎರಡನ್ನೂ ಲೆಕ್ಕ ಹಾಕಲು ಅವಕಾಶ ಕೊಟ್ಟರೂ ವೈಜ್ಞಾನಿಕವಾಗಿ ದರವನ್ನೇ ಮೇಲೆಂದು ಹೇಳುತ್ತದೆ. ಜಿಎಚ್‌ಎಸ್ ಎಂಬ, ರಾಸಾಯನಿಕಗಳ ಅಪಾಯದ ಅಂತರರಾಷ್ಟ್ರೀಯ ವರ್ಗೀಕರಣವೂ ದರದ ಇಸಿ50ಯನ್ನೇ, ಅಂದರೆ ಅರ್ಧದಷ್ಟು ತಡೆ ಕಾಣುವ ಪ್ರಮಾಣವನ್ನೇ, ಆಧಾರವಾಗಿ ಹಿಡಿಯುತ್ತದೆ. ಅಲ್ಲಿ 1ಕ್ಕಿಂತ ಮೇಲೆ 10 ಮಿಲಿಗ್ರಾಂವರೆಗೆ ಎರಡನೆಯ ವರ್ಗ, 10ಕ್ಕಿಂತ ಮೇಲೆ 100ರವರೆಗೆ ಮೂರನೆಯದು. ನಿಮ್ಮ ಎರಡು ಉತ್ತರಗಳು ಈ ಗೆರೆಯ ಆಚೆಗೊಂದು ಈಚೆಗೊಂದು ಬೀಳುವುದರಿಂದ, ಯಾವ ಅಂಕಿ ಯಾವುದೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯುವುದು ಅತ್ಯಗತ್ಯ.

ಹಳೆಯ ವರದಿಗಳಲ್ಲಿ ಬೆಳವಣಿಗೆಯ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಹಿಡಿದ ಮೂರನೆಯ ಅಂಕಿಯೊಂದು ಇರುತ್ತದೆ. ಬೇರೆಯವರ ಫಲಿತಾಂಶದೊಡನೆ ನಿಮ್ಮದನ್ನು ಹೋಲಿಸುವಾಗ ಅದನ್ನು ಗಮನಿಸಿ.

ಉತ್ತರ: ಮಾಂಡವಿ (ಫೋಂಡಾ, ಗೋವಾ)

ಮೇಲಿನ ಹಿರಿಯರು ಮೊದಲನೆಯ ಪ್ರಶ್ನೆಗೆ ಪೂರ್ಣ ಉತ್ತರ ಕೊಟ್ಟಿದ್ದಾರೆ. ನನ್ನ ಮನಸ್ಸು ಹೋದದ್ದು ನಿಮ್ಮ ಕೊನೆಯ ಪ್ಯಾರಾದ ಕಡೆಗೆ. ಕೋಶ ಒಡೆದಿಲ್ಲ, ಆಕಾರ ಕೆಟ್ಟಿಲ್ಲ, ಬಣ್ಣ ಮಾತ್ರ ಹಳದಿಯಾಗಿದೆ ಎಂದು ಓದಿದ ಕೂಡಲೇ ನನಗೆ ನೆನಪಾದದ್ದು ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾದ ನೆಲಗಡಲೆ ಹೊಲ. ನೀವು ನೋಡಿದ್ದು ವಿಷದ ಪರಿಣಾಮಕ್ಕಿಂತ ಹೆಚ್ಚಾಗಿ ಹಸಿವಿನ ಪರಿಣಾಮವಾಗಿರಬಹುದು ಎಂಬುದು ನನ್ನ ಬಲವಾದ ಅನುಮಾನ.

ಕಾರಣವನ್ನು ನಿಮ್ಮ ವಸ್ತುವಿನ ಉಪಯೋಗವೇ ಹೇಳುತ್ತದೆ. ಅದು ಕೊಳವೆಯಲ್ಲಿ ಸುಣ್ಣ ಕಟ್ಟದಂತೆ ತಡೆಯುವುದು ಲೋಹದ ಅಯಾನುಗಳಿಗೆ ಅಂಟಿಕೊಳ್ಳುವ ಗುಣದಿಂದಲೇ. ನಮ್ಮ ಕಡೆಯ ದ್ರಾಕ್ಷಿ ಬೆಳೆಗಾರರು ಚಿಲೇಟೆಡ್ ಜಿಂಕ್ ಎಂದು ತಂದು ಸಿಂಪಡಿಸುತ್ತಾರಲ್ಲ, ಆ ಚಿಲೇಟ್ ಗುಣವೇ ಇದು. ಫ್ಲಾಸ್ಕಿನೊಳಗೆ ಅದು ಪಾಚಿಯ ಆಹಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಇಸಿಡಿ ಪೋಷಕ ದ್ರಾವಣದಲ್ಲಿ ಲೀಟರಿಗೆ 0.064 ಮಿಲಿಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಇದೆ. ಕಬ್ಬಿಣದ ಲೆಕ್ಕದಲ್ಲಿ ಅದು 0.24 ಮೈಕ್ರೊಮೋಲ್ (ಮೋಲ್ ಎಂದರೆ ಕಣಗಳ ಸಂಖ್ಯೆಯ ಅಳತೆ) ಮಾತ್ರ. ಅದನ್ನು ಕರಗಿದ ಸ್ಥಿತಿಯಲ್ಲಿ ಇಡಲು ಬಹುತೇಕ ಅಷ್ಟೇ ಮೋಲ್‌ಗಳ ಇಡಿಟಿಎ ಎಂಬ ಇನ್ನೊಂದು ಚಿಲೇಟ್ ಹಾಕಿರುತ್ತಾರೆ. ಸತುವಂತೂ ಸುಮಾರು 0.02 ಮೈಕ್ರೊಮೋಲ್. ಇಂಥ ತೂಗಿ ಅಳೆದ ಅಡುಗೆಗೆ ನೀವು 32 ಮಿಲಿಗ್ರಾಂ ಎಚ್‌ಇಡಿಪಿ, ಅಂದರೆ ಸುಮಾರು 155 ಮೈಕ್ರೊಮೋಲ್ ಸೇರಿಸಿದ್ದೀರಿ. ಅದು ಕಬ್ಬಿಣದ ಆರುನೂರು ಪಟ್ಟಿಗೂ ಹೆಚ್ಚು. ದ್ರಾವಣದ ಕ್ಯಾಲ್ಸಿಯಂ ಇರುವುದೇ 122 ಮೈಕ್ರೊಮೋಲ್, ಅದನ್ನೂ ಮೀರಿತು. 100ರ ಹಂತದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡನ್ನೂ ಕೂಡಿಸಿದ ಮೊತ್ತದ ಎರಡು ಪಟ್ಟಾಗುತ್ತದೆ. ನಿಮ್ಮ ಬೆಳವಣಿಗೆ ಕುಸಿದದ್ದೂ ಸರಿಯಾಗಿ ಈ ಹಂತಗಳಲ್ಲಿಯೇ ಎಂಬುದನ್ನು ಗಮನಿಸಿ.

ಈ ಪೋಷಕ ದ್ರಾವಣದ ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 24 ಮಿಲಿಗ್ರಾಂ ಮಾತ್ರ. ದಖ್ಖನ್ನಿನ ಬಸಾಲ್ಟ್ ನೆಲದ ಬೋರ್‌ವೆಲ್ ನೀರನ್ನು ಕಾಯಿಸಿ ಗೀಜರಿನ ಕಾಯಿಲ್ ಬದಲಿಸಿದವರಿಗೆ ಅದು ಎಷ್ಟು ಮೆದು ನೀರು ಎಂದು ವಿವರಿಸಬೇಕಾಗಿಲ್ಲ. ಫ್ಲಾಸ್ಕಿನಲ್ಲಿ ಆಗುವ ಹಸಿವು ಅಂಥ ಗಡಸು ನೀರಿನಲ್ಲಿಯೂ ಅಷ್ಟೇ ತೀವ್ರವಾಗಿ ಆಗುತ್ತದೆ ಎಂದು ಭಾವಿಸಲು ಬರುವುದಿಲ್ಲ.

ಆದರೆ ಅನುಮಾನ ಅನುಮಾನವೇ, ಅದನ್ನು ಪರೀಕ್ಷಿಸಬೇಕು. ನಾನಾದರೆ ಈಗಿನ ಸರಣಿಯ ಪಕ್ಕದಲ್ಲಿಯೇ ಇನ್ನೆರಡು ಸರಣಿಗಳನ್ನು ಇಡುತ್ತೇನೆ. ಒಂದರಲ್ಲಿ, ಪ್ರತಿ ಹಂತದಲ್ಲಿಯೂ ಫಾಸ್ಫೊನೇಟಿಗೆ ಸಮನಾದ ಮೋಲ್‌ಗಳಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಹೆಚ್ಚುವರಿಯಾಗಿ ಸೇರಿಸುವುದು. ಇನ್ನೊಂದರಲ್ಲಿ, ಕಬ್ಬಿಣ, ಸತು, ಮ್ಯಾಂಗನೀಸ್, ಕೋಬಾಲ್ಟ್, ತಾಮ್ರ ಈ ಲಘು ಪೋಷಕಾಂಶಗಳನ್ನು ಹತ್ತು ಪಟ್ಟು ಹೆಚ್ಚಿಸುವುದು. ಹೀಗೆ ಹೆಚ್ಚಿಸಿದ ದ್ರಾವಣದಲ್ಲಿ ಫಾಸ್ಫೊನೇಟ್ ಇಲ್ಲದ ಕಂಟ್ರೋಲ್ ಕೂಡ ಕಡ್ಡಾಯವಾಗಿ ಇರಬೇಕು, ಏಕೆಂದರೆ ಹಿಡಿದಿಡುವವರಿಲ್ಲದಾಗ ಸತು ಮತ್ತು ತಾಮ್ರಗಳೇ ಪಾಚಿಗೆ ವಿಷವಾಗಬಹುದು. ಇದರ ಜೊತೆಗೆ 100ರ ಫ್ಲಾಸ್ಕಿನಿಂದ 72 ಗಂಟೆಯ ನಂತರ ಸ್ವಲ್ಪ ಪಾಚಿ ತೆಗೆದು ಶುದ್ಧ ಪೋಷಕ ದ್ರಾವಣಕ್ಕೆ ಹಾಕಿ ನೋಡಿ. ಅದು ಮತ್ತೆ ಹಸಿರಾಗಿ ಬೆಳೆದರೆ ಕೋಶಗಳು ಸತ್ತಿರಲಿಲ್ಲ, ಬೆಳವಣಿಗೆ ನಿಂತಿತ್ತು ಎಂದಾಗುತ್ತದೆ. ಇದೊಂದರಿಂದಲೇ ಚಿಲೇಟ್ ವಾದ ಸಾಬೀತಾಗುವುದಿಲ್ಲ, ಆದರೂ ಚಿತ್ರ ತಿಳಿಯಾಗುತ್ತದೆ.

1 ಮಿಲಿಗ್ರಾಮಿನಲ್ಲಿ ಕಂಡ ಹೆಚ್ಚುವರಿ ಬೆಳವಣಿಗೆಗೆ ಎರಡು ಕಾರಣಗಳಿರಬಹುದು. ಎಚ್‌ಇಡಿಪಿಯ ತೂಕದಲ್ಲಿ ಸುಮಾರು ಶೇಕಡಾ 30 ರಂಜಕವೇ ಇದೆ. ಆದ್ದರಿಂದ 1 ಮಿಲಿಗ್ರಾಂ ಸೇರಿಸಿದಾಗ 0.30 ಮಿಲಿಗ್ರಾಂ ರಂಜಕ ಸೇರಿತು; ಪೋಷಕ ದ್ರಾವಣದಲ್ಲಿ ಮೊದಲಿಗೇ ಇರುವುದು 0.36. ಫಾಸ್ಫೊನೇಟಿನ ರಂಜಕವನ್ನು ಪಾಚಿ ನೇರವಾಗಿ ಬಳಸಿಕೊಳ್ಳುವುದು ಕಷ್ಟ, ಆದರೆ ಕಬ್ಬಿಣದೊಡನೆ ಕೂಡಿದ ಫಾಸ್ಫೊನೇಟ್ ಬೆಳಕಿಗೆ ನಿಧಾನವಾಗಿ ಒಡೆದು ಫಾಸ್ಫೇಟ್ ಬಿಟ್ಟುಕೊಡುತ್ತದೆ. ನಿಮ್ಮ ಫ್ಲಾಸ್ಕುಗಳ ಮೇಲೆ ಮೂರು ಹಗಲು ಮೂರು ರಾತ್ರಿ ದೀಪ ಉರಿದಿದೆ. ಇನ್ನೊಂದು ಕಾರಣ ಸರಳವಾದದ್ದು: ಅಲ್ಪ ಪ್ರಮಾಣದ ಚಿಲೇಟ್ ಕಬ್ಬಿಣವನ್ನು ತಳಕ್ಕೆ ಇಳಿಯಗೊಡದೆ ಪಾಚಿಗೆ ಸಿಗುವಂತೆ ಇಡುತ್ತದೆ.

ಉತ್ತರ: ಭೋಸರಿ ಲ್ಯಾಬ್

ಸಿದ್ಧಾಂತವನ್ನು ಬಲ್ಲವರು ಹೇಳಿದ್ದಾರೆ. ದಿನವೂ ಈ ಫ್ಲಾಸ್ಕುಗಳನ್ನು ತೊಳೆದು ಹೊಂದಿಸುವವನಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಎಣಿಕೆಯನ್ನು ಹೀಮೋಸೈಟೋಮೀಟರಿನಲ್ಲಿ (ಕೋಶ ಎಣಿಸಲು ಚೌಕಗಳನ್ನು ಗೀರಿದ ಗಾಜು) ಮಾಡುತ್ತಿದ್ದರೆ ಆರಂಭದ 10,000 ಎಂಬ ಸಂಖ್ಯೆಯನ್ನು ಅದರಲ್ಲಿ ಎಣಿಸಿ ನಂಬಬೇಡಿ. ಆ ಗಾಜಿನ ಒಂದು ದೊಡ್ಡ ಚೌಕದಲ್ಲಿ ಹಿಡಿಯುವುದು ಮಿಲಿಲೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಅಂದರೆ ಚೌಕಕ್ಕೆ ಸರಾಸರಿ ಒಂದೇ ಕೋಶ. ಒಂಬತ್ತೂ ಚೌಕಗಳನ್ನು ಎಣಿಸಿದರೂ ಒಂಬತ್ತು ಕೋಶ ಸಿಕ್ಕು, ಅದರಲ್ಲಿ ಮೂರರಷ್ಟು ಏರುಪೇರು ಸಹಜವಾಗಿಯೇ ಇರುತ್ತದೆ. ದಟ್ಟವಾದ ಮೂಲ ಕೃಷಿಯನ್ನು ಚೆನ್ನಾಗಿ ಎಣಿಸಿ, ಎಷ್ಟು ಪಟ್ಟು ತೆಳುಮಾಡಿದಿರೋ ಆ ಲೆಕ್ಕದಿಂದಲೇ ಆರಂಭದ ಸಂಖ್ಯೆಯನ್ನು ನಿಗದಿ ಮಾಡಿ. ಇದರ ಮಹತ್ವ ಏನೆಂದರೆ, ಕಂಟ್ರೋಲ್ ಮೂರು ದಿನದಲ್ಲಿ 16 ಪಟ್ಟು ಬೆಳೆದರೆ ಸಾಲದು. ದಿನದಿಂದ ದಿನಕ್ಕೆ ದರದ ಏರುಪೇರು ಸರಾಸರಿ ಶೇಕಡಾ 35ನ್ನು ಮೀರಬಾರದು, ಕಂಟ್ರೋಲ್ ಫ್ಲಾಸ್ಕುಗಳ ಒಟ್ಟು ದರಗಳ ನಡುವಣ ಏರುಪೇರು ಈ ಜಾತಿಗೆ ಶೇಕಡಾ 7ರೊಳಗೆ ಇರಬೇಕು. ಮೊದಲ ದಿನದ ಎಣಿಕೆ ತಪ್ಪಿದರೆ ಒಳ್ಳೆಯ ಪರೀಕ್ಷೆಯೂ ಈ ನಿಯಮಗಳಲ್ಲಿ ಬಿದ್ದುಹೋಗುತ್ತದೆ. ಸಾಧ್ಯವಾದರೆ ಕ್ಲೋರೊಫಿಲ್ ಪ್ರತಿದೀಪ್ತಿಯಿಂದ (ಬೆಳಕು ಬಿದ್ದಾಗ ಪಾಚಿಯ ಹಸಿರು ವಸ್ತು ಹೊಮ್ಮಿಸುವ ಹೊಳಪಿನಿಂದ) ಅಳೆಯಿರಿ ಎನ್ನುತ್ತಿದ್ದೆ, ಆದರೆ ನಿಮ್ಮ ಪಾಚಿ ಹಳದಿಯಾಗಿದೆ. ಕ್ಲೋರೊಫಿಲ್ಲೇ ಕಡಿಮೆಯಾದಾಗ ಆ ಅಳತೆ ಕೋಶಗಳನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಈ ವಸ್ತುವಿಗೆ ಕೈ ಎಣಿಕೆಯನ್ನು ಬಿಡಬೇಡಿ.

ಬೆಳಕು 4,440ರಿಂದ 8,880 ಲಕ್ಸ್ ನಡುವೆ ಇದ್ದರೆ ಸಾಲದು, ಇಡೀ ಹಲಗೆಯ ಮೇಲೆ ಸರಾಸರಿಯಿಂದ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂಲೆಗಳಲ್ಲಿ ಬೆಳಕು ಕಡಿಮೆ ಇರುತ್ತದೆ. ಒಂದು ಹಂತದ ಮೂರೂ ಫ್ಲಾಸ್ಕುಗಳನ್ನು ಒಂದೇ ಮೂಲೆಯಲ್ಲಿ ಇಡದೆ, ದಿನವೂ ಜಾಗ ಬದಲಿಸಿ.

ಇನ್ನೊಂದು ನಮ್ಮ ಊರಿನ ಮಾತು. ಇಲ್ಲಿ ವಿದ್ಯುತ್ ದುರಸ್ತಿಯೆಲ್ಲ ಗುರುವಾರ. ಸೋಮವಾರ ಬೆಳಿಗ್ಗೆ ಆರಂಭಿಸಿದರೆ ಎಪ್ಪತ್ತೆರಡನೆಯ ಗಂಟೆ ಗುರುವಾರಕ್ಕೇ ಬರುತ್ತದೆ. ಒಮ್ಮೆ ಹಾಗೆ ಆರಂಭಿಸಿದ ಪರೀಕ್ಷೆಯ ಕೊನೆಯ ಬೆಳಿಗ್ಗೆ ದೀಪವೂ ಏಸಿಯೂ ಆರಿಹೋಗಿ, ಇಡೀ ಸರಣಿಯನ್ನು ಚೆಲ್ಲಬೇಕಾಯಿತು. ಆಮೇಲೆ ಶುಕ್ರವಾರ ಬೆಳಿಗ್ಗೆ ಆರಂಭಿಸುತ್ತೇನೆ. ಭಾನುವಾರವೂ ಎಣಿಕೆಗೆ ಬರಬೇಕಾಗುತ್ತದೆ, ಆದರೆ ಫಲಿತಾಂಶ ಕೈಗೆ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ: ಪವನಾತೀರ

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ. ನೀವು ಮೂವರೂ ಹೇಳಿದಂತೆ, ಶುಕ್ರವಾರ ಆರಂಭಿಸಿ, ಮೂರು ಸರಣಿಗಳನ್ನು ಒಟ್ಟಿಗೆ ನಡೆಸಿದೆ. ನಮ್ಮ ಹಲಗೆಯ ಎಡಮೂಲೆಯಲ್ಲಿ ಬೆಳಕು ನಿಜವಾಗಿಯೂ ಕಡಿಮೆ ಇತ್ತು. ಆ ಮೂಲೆಯನ್ನು ಖಾಲಿ ಬಿಟ್ಟೆ.

ಸಾಮಾನ್ಯ ದ್ರಾವಣದ ಸರಣಿಯಲ್ಲಿ ಮೊದಲಿನ ಫಲಿತಾಂಶವೇ ಹೆಚ್ಚುಕಡಿಮೆ ಮರುಕಳಿಸಿತು. ಕ್ಯಾಲ್ಸಿಯಂ ಸೇರಿಸಿದ ಸರಣಿಯಲ್ಲಿ ಸುಧಾರಣೆ ಕಂಡಿತಾದರೂ ಅಲ್ಪವೇ. ಲಘು ಪೋಷಕಾಂಶ ಹೆಚ್ಚಿಸಿದ ಸರಣಿಯಲ್ಲಿ ಮಾತ್ರ 32ರ ಹಂತದ ಪಾಚಿ ಕಂಟ್ರೋಲಿನ ದರಕ್ಕೆ ಬಹಳ ಸಮೀಪ ಬಂದಿತು, ಬಣ್ಣವೂ ಹಸಿರಾಗಿಯೇ ಉಳಿಯಿತು. 100ರಲ್ಲಿ ಸುಧಾರಣೆ ಅರ್ಧದಷ್ಟು. ಫಾಸ್ಫೊನೇಟ್ ಇಲ್ಲದೆ ಲೋಹಗಳನ್ನಷ್ಟೇ ಹೆಚ್ಚಿಸಿದ ಕಂಟ್ರೋಲ್ ತುಸು ನಿಧಾನವಾಗಿ ಬೆಳೆಯಿತು, ಹಾಗಾಗಿ ಆ ಎಚ್ಚರಿಕೆ ಕೊಟ್ಟದ್ದಕ್ಕೆ ವಿಶೇಷವಾಗಿ ಕೃತಜ್ಞಳಾಗಿದ್ದೇನೆ. ಇಲ್ಲದಿದ್ದರೆ ಹೋಲಿಕೆಯೇ ತಪ್ಪುತ್ತಿತ್ತು. 100ರ ಫ್ಲಾಸ್ಕಿನಿಂದ ತೆಗೆದು ಶುದ್ಧ ದ್ರಾವಣಕ್ಕೆ ಹಾಕಿದ ಪಾಚಿ ಎರಡನೆಯ ದಿನದಿಂದ ಹಸಿರು ತಿರುಗಿ, ಮಾಮೂಲಿನಂತೆ ಬೆಳೆಯಿತು. ಆ ಬೆಳಿಗ್ಗೆ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಆದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ.

ಈಗ ಎರಡು ಸಂದೇಹಗಳು ಉಳಿದಿವೆ. ಕ್ಯಾಲ್ಸಿಯಂ ಸೇರಿಸಿದ 100ರ ಫ್ಲಾಸ್ಕುಗಳಲ್ಲಿ ನೀರು ಸ್ವಲ್ಪ ಮಬ್ಬಾಗಿತ್ತು, ಅದು ಏನು? ಎರಡನೆಯದಾಗಿ, ಈ ಫಲಿತಾಂಶದ ಆಧಾರದ ಮೇಲೆ ನಮ್ಮ ವಸ್ತು ಪಾಚಿಗೆ ಹಾನಿಕರವಲ್ಲ ಎಂದು ಗ್ರಾಹಕರಿಗೆ ಬರೆಯಬಹುದೇ ಎಂದು ಮಾಲೀಕರು ಕೇಳುತ್ತಿದ್ದಾರೆ.

ಉತ್ತರ: ಮಾಂಡವಿ (ಫೋಂಡಾ, ಗೋವಾ)

ಮಬ್ಬು ಬಹುತೇಕ ಕ್ಯಾಲ್ಸಿಯಂ ಮತ್ತು ಫಾಸ್ಫೊನೇಟ್ ಕೂಡಿ ಒತ್ತರಿಸಿದ, ಅಂದರೆ ಕರಗದೆ ಬೇರ್ಪಟ್ಟ, ಲವಣ. ಹಾಗೆ ಒತ್ತರಿಸಿದರೆ ನೀವು ಹಾಕಿದಷ್ಟು ಫಾಸ್ಫೊನೇಟ್ ನೀರಿನಲ್ಲಿ ಉಳಿದಿಲ್ಲ ಎಂದರ್ಥ. ಆ ಹಂತದ ಸುಧಾರಣೆಯನ್ನು ವಾದಕ್ಕೆ ಬಳಸಬೇಡಿ. ಯಾವ ಸರಣಿಯಲ್ಲಾದರೂ ಆರಂಭದಲ್ಲಿ ಮತ್ತು ಕೊನೆಯಲ್ಲಿ ನೀರಿನೊಳಗಿನ ಪ್ರಮಾಣವನ್ನು ಅಳೆಯಲೇಬೇಕು. ನಿಮ್ಮಲ್ಲಿ ಅಯಾನ್ ಕ್ರೊಮ್ಯಾಟೋಗ್ರಫಿ ಇಲ್ಲದಿದ್ದರೆ, ಸೋಸಿದ ನೀರನ್ನು ಪರ್‌ಸಲ್ಫೇಟಿನಿಂದ ಜೀರ್ಣಿಸಿ ಒಟ್ಟು ರಂಜಕವನ್ನು ಮಾಲಿಬ್ಡಿನಂ ನೀಲಿ ವಿಧಾನದಿಂದ ಅಳೆದು, ಅದರಲ್ಲಿ ಜೀರ್ಣಿಸದೆ ಅಳೆದ ಫಾಸ್ಫೇಟನ್ನು ಕಳೆಯಿರಿ. ಅಳೆದ ಪ್ರಮಾಣ ಹಾಕಿದ್ದರ ಶೇಕಡಾ 20ರ ಆಚೀಚೆಗೆ ಸರಿದಿದ್ದರೆ ಇಸಿ50ಯನ್ನು ಅಳೆದ ಪ್ರಮಾಣದ ಮೇಲೆಯೇ ಲೆಕ್ಕ ಹಾಕಬೇಕು.

ಹಾನಿಕರವಲ್ಲ ಎಂದು ಬರೆಯಬೇಡಿ. ಮಾಲೀಕರಿಗೆ ಇದನ್ನು ಸ್ಪಷ್ಟವಾಗಿ ಹೇಳಿ. ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ದ್ರಾವಣದಲ್ಲಿ ಬಂದ ದರದ ಇಸಿ50, ಅಂದರೆ ಆ 35ರ ಆಸುಪಾಸಿನ ಅಂಕಿ, ವರದಿಯಲ್ಲಿ ಇರಲೇಬೇಕು. ಲಘು ಪೋಷಕಾಂಶದ ಸರಣಿ ಅದರ ಜಾಗಕ್ಕೆ ಬರುವುದಿಲ್ಲ, ಅದರ ಪಕ್ಕದಲ್ಲಿ ನಿಂತು ಕಾರಣವನ್ನು ವಿವರಿಸುತ್ತದೆ. 100ರಲ್ಲಿ ಅರ್ಧದಷ್ಟು ತಡೆ ಉಳಿದುಕೊಂಡದ್ದನ್ನೂ ಮುಚ್ಚಿಡಬಾರದು. ಹತ್ತು ಪಟ್ಟು ಲೋಹವೂ ಅಲ್ಲಿ ಸಾಲದೆ ಹೋಗಿರಬಹುದು, ಅಥವಾ ಫಾಸ್ಫೊನೇಟಿನದೇ ಬೇರೊಂದು ಪರಿಣಾಮವಿರಬಹುದು. ಜಿಎಲ್‌ಪಿ ಪ್ರಯೋಗಾಲಯದವರಿಗೆ ಕೆಲಸ ಒಪ್ಪಿಸುವಾಗ ಎರಡೂ ಸರಣಿಗಳನ್ನು ಆರಂಭದಲ್ಲಿಯೇ ಯೋಜನೆಯಲ್ಲಿ ಸೇರಿಸುವಂತೆ ಕೇಳಿಕೊಳ್ಳಿ, ನಂತರ ಸೇರಿಸಿದರೆ ಮತ್ತೊಂದು ಪರೀಕ್ಷೆಯ ಖರ್ಚು ಬೀಳುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಕಾಳಜಿ ಇರುವುದು ನಿಮ್ಮ 1 ಮಿಲಿಗ್ರಾಮಿನ ಫ್ಲಾಸ್ಕಿನ ಬಗ್ಗೆ. ನಮ್ಮ ಫ್ಲಾಸ್ಕಿನ ಪಾಚಿ 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ತೆಗೆದ ತಳಿಯ ಸಂತಾನ. ಪವನಾ ಮತ್ತು ಮುಳಾ ನದಿಗಳಲ್ಲಿ ಏನಾಗುತ್ತದೆ ಎಂಬುದನ್ನು ಅದೊಂದೇ ಹೇಳಲಾರದು. ಕೂಲಿಂಗ್ ಟವರಿನಿಂದ ಹೊರಬಿಟ್ಟ ನೀರು ನದಿಗೆ ಸೇರುವಾಗ ತೆಳುವಾಗಿ, ಅಲ್ಲಿನ ಕ್ಯಾಲ್ಸಿಯಂ ಮತ್ತು ಕಬ್ಬಿಣ ಸಿಕ್ಕಿ, ಬಿಸಿಲಿಗೆ ನಿಧಾನವಾಗಿ ಒಡೆಯುತ್ತದೆ. ಅಲ್ಲಿ ಅದು ಪಾಚಿಯ ಹಸಿವಿಗೆ ಕಾರಣವಾಗುವ ಬದಲು ಆಹಾರವೇ ಆಗುವ ಸಾಧ್ಯತೆ ಇದೆ. ಪ್ರತಿ ಬೇಸಿಗೆಗೆ ನಿಮ್ಮೂರಿನ ಸೇತುವೆಗಳ ಕೆಳಗೆ ನೀರೇ ಕಾಣದಂತೆ ಹಬ್ಬುವ ಜಲಪರ್ಣಿ ಎಂಬ ತೇಲುವ ಕಳೆಯನ್ನು ನೀವು ದಿನವೂ ನೋಡುತ್ತೀರಿ. ಅದರ ರಂಜಕದ ಬಹುಪಾಲು ಚರಂಡಿ ನೀರಿನದೇ ಹೌದಾದರೂ, ನಾವು ಸೇರಿಸುವುದು ಎಷ್ಟೆಂಬ ಲೆಕ್ಕವನ್ನು ನಾವೇ ಇಡಬೇಕು. ಆದ್ದರಿಂದ ಪರೀಕ್ಷೆಯ ವರದಿಯೊಡನೆ, ನಿಮ್ಮ ಮಾಲು ಕಿಲೋಗೆ ಎಷ್ಟು ರಂಜಕ ಹೊತ್ತೊಯ್ಯುತ್ತದೆ ಎಂಬ ಅಂಕಿಯನ್ನೂ ಗ್ರಾಹಕರಿಗೆ ಕೊಡಿ. ಶೇಕಡಾ 60ರ ದ್ರಾವಣಕ್ಕೆ ಅದು ಸುಮಾರು 180 ಗ್ರಾಂ.